ಕರಿ ಉಣ್ಣೆಯ ಲಗಮಣ್ಣ

ಅಥಣಿ ಕಡೆಯ ಸತ್ತಿ ಎಂಬ ಊರಿನ ಲಗಮಣ್ಣನ ಮನೆತನದವರು ತಲೆತಲಾಂತರದಿಂದ ಕುರಿ ಕಾದವರು. ಅವನ ಅಜ್ಜ ಸಾಕಿದ್ದು ಕರಿ ಕುರಿ, ಅಪ್ಪ ಸಾಕಿದ್ದೂ ಅದನ್ನೇ. ದಖ್ಖನಿ ತಳಿಯ ಆ ಕುರಿ ನೋಡುವುದಕ್ಕೆ ಅಂಥ ಚೆಂದವೇನಲ್ಲ. ಗಿಡ್ಡ ಕಾಲು, ಸಣ್ಣ ಮೈ, ಮೈತುಂಬ ಒರಟು ಕಪ್ಪು ಉಣ್ಣೆ. ಆದರೆ ಒಣ ಹುಲ್ಲುಕಸ ತಿಂದು ಬದುಕುತ್ತದೆ, ಮಳೆಯಲ್ಲಿ ನೆನೆದರೂ ಜಗ್ಗುವುದಿಲ್ಲ, ದಿನವಿಡೀ ನಡೆಸಿದರೂ ಕುಂಟುವುದಿಲ್ಲ. ಮಳೆಗಾಲವೆಲ್ಲ ಅಥಣಿಯ ಉತ್ತರಕ್ಕಿರುವ ಮಡ್ಡಿಯಲ್ಲಿ, ಆ ಕಲ್ಲುನೆಲದ ದಿಬ್ಬದ ಮೇಲೆ ಮೇಯಿಸುವುದು, ದೀಪಾವಳಿ ಮುಗಿದ ಮೇಲೆ ತಟ್ಟುಕುದುರೆಯ ಬೆನ್ನಿಗೆ ಪಾತ್ರೆ ಪಗಡ ಹೇರಿಕೊಂಡು ಕಾಗವಾಡದ ಮೇಲೆ ಹಾದು, ಮಾಂಜರಿಯಲ್ಲಿ ಕೃಷ್ಣೆಯ ಸೇತುವೆ ದಾಟಿ, ಅಂಕಲಿ, ಚಿಕ್ಕೋಡಿ, ನಿಪ್ಪಾಣಿಯವರೆಗೆ ಹೋಗುವುದು. ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಹಿಂಡು ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಮುಂಗಾರಿಗೆ ಮೊದಲು ಮತ್ತೆ ಸತ್ತಿಗೆ. ಲಗಮಣ್ಣ ನಡೆಯಲು ಕಲಿತದ್ದೇ ಈ ದಾರಿಯಲ್ಲಿ ಎಂದು ಅವನ ಅವ್ವ ಹೇಳುತ್ತಿದ್ದಳಂತೆ.

ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸಿದಾಗ ಮನೆಯ ಹೆಂಗಸರು ಅದನ್ನು ಹಿಂಜಿ ನೂಲುತ್ತಿದ್ದರು. ಅವನ ಹೆಂಡತಿ ರುಕ್ಮವ್ವ ರಾಯಬಾಗದ ಕಡೆಯವಳು. ಅವಳ ಕೈಯ ನೂಲು ಎಷ್ಟು ಸಮನಾಗಿರುತ್ತಿತ್ತೆಂದರೆ ಕಂಬಳಿ ನೇಯುವವರು ತಾವಾಗಿಯೇ ಮನೆಗೆ ಬಂದು ಕೇಳಿ ಒಯ್ಯುತ್ತಿದ್ದರು. ಆಮೇಲೆ ಕಾಲ ಬದಲಾಯಿತು. ಅಂಗಡಿಗಳಲ್ಲಿ ಬಣ್ಣಬಣ್ಣದ ಮೆತ್ತನೆಯ ರಗ್ಗು ಸಿಗತೊಡಗಿದವು. ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಮೈಗೆ ಚುಚ್ಚುವ ಕಂಬಳಿ ಯಾರಿಗೂ ಬೇಡವಾಯಿತು. ಮಗ್ಗದವರು ಒಬ್ಬೊಬ್ಬರಾಗಿ ಕಬ್ಬು ಕಡಿಯಲು ಹೋದರು. ಕತ್ತರಿಸಿದ ಉಣ್ಣೆಯನ್ನು ಕುರುಬರು ಬದುವಿನ ಮೇಲೆ ಬಿಟ್ಟು ಬರುವಂತಾಯಿತು.

ಆಗ ಎಲ್ಲರೂ ಮಾಡಗ್ಯಾಳ ಕುರಿಗೆ ತಿರುಗಿದರು. ಜತ್ತ ಸೀಮೆಯ ಆ ಕುರಿಗೆ ಉದ್ದ ಕಾಲು, ಬಾಗಿದ ಮೂಗು, ಜೋತುಬಿದ್ದ ಕಿವಿ. ಉಣ್ಣೆಯಿಲ್ಲ, ಮೈತುಂಬ ಮಾಂಸ. ಲಗಮಣ್ಣನೂ ತಿರುಗಿದ. ಮಗ ಮಲ್ಲೇಶ ಹಟ ಹಿಡಿದು ತಿರುಗಿಸಿದ ಎನ್ನುವುದೇ ಸರಿ. ಹಿಂಡು ನೋಡುನೋಡುತ್ತ ಬಿಳಿ ಕಂದು ಬಣ್ಣಕ್ಕೆ ತಿರುಗಿತು. ಕರಿ ಕುರಿ ಒಂದೆರಡು ಡಜನ್ ಉಳಿದಿದ್ದವು, ಅವೂ ಲಗಮಣ್ಣ ಮಾರಲು ಒಪ್ಪದೆ ಉಳಿದವು. ಸಂಸಾರ ಮೊದಲಿಗಿಂತ ಚೆನ್ನಾಗಿಯೇ ನಡೆಯಿತು. ಆದರೆ ಲಗಮಣ್ಣನಿಗೆ ಆ ಎತ್ತರದ ಕುರಿಗಳ ಜೊತೆ ಮನಸ್ಸು ಕೂಡಲಿಲ್ಲ. ತನ್ನ ಹಿಂಡಿನ ಹಿಂದೆ ತಾನೇ ಕೂಲಿಯವನಂತೆ ನಡೆಯುತ್ತಿದ್ದೇನೆ ಅನ್ನಿಸುತ್ತದೆ ಎಂದು ರುಕ್ಮವ್ವನ ಮುಂದೆ ಒಂದೆರಡು ಸಲ ಅಂದಿದ್ದನಂತೆ.

ಕೊರೊನಾ ಮುಗಿದ ಮರುವರ್ಷ ನೀಲಮ ಎಂಬ ಹುಡುಗಿ ಸ್ಕೂಟಿಯ ಮೇಲೆ ಸತ್ತಿಗೆ ಬಂದಳು. ಬೋರಗಾಂವದವಳು. ಅಪ್ಪನಿಗೆ ನಾಲ್ಕು ಪವರ್‌ಲೂಮುಗಳಿದ್ದವು, ಆ ಸದ್ದಿನಲ್ಲೇ ಬೆಳೆದು, ಇಚಲಕರಂಜಿಯಲ್ಲಿ ಬಟ್ಟೆ ತಯಾರಿಕೆಯ ಓದು ಮುಗಿಸಿದ್ದಳು. ಪುಣೆಯ ಗಂಡ ಹೆಂಡತಿ ಸೇರಿ ಶುರು ಮಾಡಿದ್ದ ‘ಭೂಲೋಕರ್’ ಎಂಬ ಕಂಪನಿಯಲ್ಲಿ ಅವಳಿಗೆ ಕೆಲಸ. ಮರಾಠಿಯಲ್ಲಿ ಲೋಕರ್ ಎಂದರೆ ಉಣ್ಣೆ. ಭೂಮಿಯ ಉಣ್ಣೆ ಎನ್ನುವ ಅರ್ಥದಲ್ಲಿ ಅವರು ಇಟ್ಟುಕೊಂಡ ಹೆಸರು. ಸತ್ತಿಯವರ ಬಾಯಲ್ಲಿ ಅದು ಭೂಲೋಕವಾಯಿತು. ಭೂಲೋಕದವರು ಬಂದಿದ್ದಾರೆ ಎಂದೇ ಎಲ್ಲರೂ ಹೇಳುತ್ತಿದ್ದರು.

ಅಂದು ರುಕ್ಮವ್ವ ಅವಳಿಗೆ ಕೂರಲು ಹಾಸಿಕೊಟ್ಟದ್ದು ತಾನೇ ನೂತ ಹಳೆಯ ಕಂಬಳಿಯನ್ನು. ನೀಲಮ ಕೂರಲಿಲ್ಲ. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಎಳೆ ಬಿಡಿಸಿ ಉಗುರಿನಿಂದ ಎಳೆದಳು, ಯಾರು ನೂತದ್ದು ಎಂದು ಕೇಳಿದಳು. ನಂತರ ಮಜ್ಜಿಗೆ ಕುಡಿಯುತ್ತ ತಾನು ಬಂದ ಕೆಲಸ ಹೇಳಿದಳು. ದೊಡ್ಡ ಊರುಗಳಲ್ಲಿ, ಹೊರದೇಶಗಳಲ್ಲಿ, ಭೂಮಿಗೆ ಕೇಡು ಮಾಡದ ಸಾಮಾನು ಬೇಕೆನ್ನುವ ಜನ ಹೆಚ್ಚುತ್ತಿದ್ದಾರೆ. ಬಣ್ಣ ಹಾಕದ ಕರಿ ಉಣ್ಣೆ, ಕೈಯಲ್ಲಿ ನೂತ ನೂಲು, ಇವಕ್ಕೆ ಅಲ್ಲಿ ಬೆಲೆಯಿದೆ. ಇಂಥ ಕೆಲಸಕ್ಕೇ ಬಂಡವಾಳ ಹಾಕಬೇಕೆಂದು ಕಾದಿರುವ ಶ್ರೀಮಂತರಿದ್ದಾರೆ. ಅವರಿಗೆ ಲಾಭವೂ ಆಗಬೇಕು, ಭೂಮಿಯೂ ಉಳಿಯಬೇಕು. ಈ ಭಾಗದಲ್ಲಿ ಕರಿ ಕುರಿ ಸಾಕುವವರು ಸಿಕ್ಕರೆ ಉಣ್ಣೆಯನ್ನೆಲ್ಲ ಕಂಪನಿಯೇ ಕೊಳ್ಳುತ್ತದೆ, ಹೆಂಗಸರಿಗೆ ಕಾಲಿನಿಂದ ತುಳಿದು ಕೈಯಲ್ಲೇ ನೂಲುವ ಯಂತ್ರವನ್ನೂ ಕೊಡುತ್ತದೆ.

ಲಗಮಣ್ಣ ಎದ್ದು ಹಟ್ಟಿಗೆ ಹೋಗಿ ಒಂದು ಕರಿ ಟಗರನ್ನು ಎತ್ತಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದ. ಅವಳು ಅದರ ಮೈಯ ಉಣ್ಣೆಯಲ್ಲಿ ಎರಡೂ ಕೈ ಹುದುಗಿಸಿ ನಕ್ಕಳು. ಬದುವಿನ ಮೇಲೆ ಬಿಟ್ಟು ಬಂದ ಉಣ್ಣೆಯೆಲ್ಲ ಆಗ ಅವನಿಗೆ ನೆನಪಾಯಿತಂತೆ. ಅದು ಅವನೇ ಹೇಳಿದ ಮಾತು.

ಕಂಪನಿಯ ಷರತ್ತುಗಳು ಮುಂದಿನ ಭೇಟಿಯಲ್ಲಿ ತಿಳಿದವು. ಹಿಂಡಿನಲ್ಲಿ ಮಾಡಗ್ಯಾಳ ಕುರಿ ಇರಕೂಡದು. ತಳಿ ಬೆರೆತರೆ ಉಣ್ಣೆ ಕೆಡುತ್ತದೆ. ಕಬ್ಬಿನ ಹೊಲಗಳಲ್ಲಿ ಹಿಂಡು ಕೂಡಿಸಕೂಡದು. ಅಲ್ಲಿ ಕಳೆನಾಶಕ ಹೊಡೆಯುತ್ತಾರೆ, ರಾಸಾಯನಿಕ ಸೋಂಕದ ಉಣ್ಣೆ ಎಂದು ಸರ್ಟಿಫಿಕೇಟ್ ಸಿಗಬೇಕಾದರೆ ಕುರಿ ವರ್ಷವಿಡೀ ಮಡ್ಡಿಯಲ್ಲೇ ಇರಬೇಕು. ಬೇಸಿಗೆಯ ಮೇವು ಕಂಪನಿ ಕಳಿಸುತ್ತದೆ. ಪ್ರತಿ ಕುರಿಯ ಕಿವಿಗೆ ಒಂದು ಬಿಲ್ಲೆ. ಕೊಳ್ಳುವವರು ಮೊಬೈಲು ಹಿಡಿದರೆ ಇದು ಯಾವ ಊರಿನ ಯಾರ ಹಿಂಡಿನ ಉಣ್ಣೆ ಎಂದು ಕಾಣಬೇಕು.

ಮಲ್ಲೇಶ ಇದನ್ನೆಲ್ಲ ಬಾಗಿಲಿಗೆ ಒರಗಿ ನಿಂತು ಕೇಳಿದ. ನೀಲಮ ಹೋದ ಮೇಲೆ ಮಾತಾಡಿದ.

“ಅಪ್ಪಾ, ಮಾಂಸ ಎಲ್ಲಾರೂ ತಿಂತಾರ. ಉಣ್ಣಿ ಯಾರೂ ತಿನ್ನಂಗಿಲ್ಲ. ಇವ್ರು ಇವತ್ತ ಬಂದಾರ, ನಾಳೆ ಮನಸ ತಿರುಗಿತಂದ್ರ ಯಾರನ್ನ ಕೇಳ್ತಿ?”

“ಮನಸ ತಿರುಗೂದ ಯಾಕ? ಉಣ್ಣಿ ಚಲೋ ಐತಿ,” ಎಂದ ಲಗಮಣ್ಣ.

“ಉಣ್ಣಿ ಆಗೂ ಚಲೋನ ಇತ್ತಲ್ಲ.”

ಆ ಮಾತಿಗೇ ಲಗಮಣ್ಣನ ಹಟ ಬಲಿಯಿತು ಎಂದು ರುಕ್ಮವ್ವ ಹೇಳುತ್ತಾಳೆ. ಅವಳಿಗೂ ಒಳಗೊಳಗೆ ಆಸೆಯಿತ್ತು, ಅದನ್ನವಳು ಮುಚ್ಚಿಡುವುದಿಲ್ಲ. ನೂಲುವ ಕೈ ಸುಮ್ಮನೆ ಕುಳಿತು ಬಹಳ ವರ್ಷವಾಗಿತ್ತು.

ಮಾಡಗ್ಯಾಳ ಕುರಿಗಳನ್ನು ಮಾರಿ, ರಾಯಬಾಗ, ಜತ್ತ ಎಂದು ತಿರುಗಿ ಕರಿ ಕುರಿ ಕೂಡಿಸುವುದಕ್ಕೆ ಲಗಮಣ್ಣನಿಗೆ ಒಂದು ಬೇಸಿಗೆಯೇ ಹಿಡಿಯಿತು. ಮುದುಕರ ಮನೆಗಳಲ್ಲಿ ಒಂದು, ಎರಡು ಹೀಗೆ ಸಿಕ್ಕಿದವು. ಮಲ್ಲೇಶ ಕಾಗವಾಡಕ್ಕೆ ಹೋಗಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮೇಲೆ ಡ್ರೈವರ್ ಆದ. ಹೆಂಡತಿ ಮಕ್ಕಳನ್ನೂ ಅಲ್ಲಿಗೇ ಕರೆದೊಯ್ದು ಕೋಣೆ ಹಿಡಿದ.

ಅಂಕಲಿಯ ಅಪ್ಪಾಸಾಬನಿಗೆ ಹೇಳುವುದೊಂದು ಉಳಿದಿತ್ತು. ಅಪ್ಪಾಸಾಬ ಕಬ್ಬು ದ್ರಾಕ್ಷಿ ಎರಡೂ ಇದ್ದ ರೈತ. ಅವನ ಹೊಲದಲ್ಲಿ ಲಗಮಣ್ಣನ ಮನೆತನದ ಹಿಂಡು ಕೂಡುವುದು ಇಬ್ಬರ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಲಗಮಣ್ಣನ ಮದುವೆಗೆ ಅಕ್ಕಿಯ ಚೀಲ ಅಲ್ಲಿಂದಲೇ ಬಂದಿತ್ತು. ಲಗಮಣ್ಣ ಬಸ್ಸಿನಲ್ಲಿ ಅಂಕಲಿಗೆ ಹೋಗಿ, ಇನ್ನು ಮುಂದೆ ಹಿಂಡು ತರುವುದಿಲ್ಲ ಎಂದು ಹೇಳಿದ. ಬಸ್ಸಿನಲ್ಲಿ ಬಂದದ್ದನ್ನು ನೋಡಿಯೇ ಅಪ್ಪಾಸಾಬನಿಗೆ ಏನೋ ಆಗಿದೆ ಅನ್ನಿಸಿತಂತೆ. ಕಂಪನಿಯ ವಿಷಯ ಪೂರ್ತಿ ಕೇಳಿಸಿಕೊಂಡ. ಹಾಗಾದರೆ ಜಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಗೊಬ್ಬರವಿಲ್ಲದೆ ಹೊಲ ಬಿಡಲಾಗದು ಎಂದ. ಕೊಡಿರಿ ಎಂದ ಲಗಮಣ್ಣ. ಊಟ ಮಾಡಿಸಿಯೇ ಕಳಿಸಿದರು.

ಮುಂದಿನ ಎರಡು ವರ್ಷ ಲಗಮಣ್ಣ ಬದುಕಿದ ಹಾಗೆ ಬಾಳಿನಲ್ಲಿ ಯಾವತ್ತೂ ಬದುಕಿರಲಿಲ್ಲ. ಮೊದಲ ಸಲ ಕತ್ತರಿ ಹಾಕಿದ ದಿನ ಚಿಂಚಲಿಯ ಮಾಯಕ್ಕ ದೇವಿಯ ಭಂಡಾರದ ಅರಿಸಿನ ತಂದು ಉಣ್ಣೆಯ ರಾಶಿಯ ಮೇಲೆ ಎರಚಿದ. ಕಾಗವಾಡದ ಹತ್ತಿರ ಕಂಪನಿ ಬಾಡಿಗೆಗೆ ಹಿಡಿದಿದ್ದ ಗೋದಾಮಿಗೆ ಚೀಲಗಳು ಹೋದವು. ಸತ್ತಿಯ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ನೂಲುವ ಯಂತ್ರಗಳು ಬಂದು ಕುಳಿತವು. ರುಕ್ಮವ್ವ ಹತ್ತಾರು ಹೆಂಗಸರಿಗೆ ಹಿಂಜುವುದನ್ನೂ ಎಳೆ ಹಿಡಿಯುವುದನ್ನೂ ಕಲಿಸಿದಳು. ಕೆಲವರಿಗೆ ಇದು ಅವ್ವಂದಿರು ಮಾಡುತ್ತಿದ್ದ ಕೆಲಸ, ಹರೆಯದವರಿಗೆ ಪೂರ್ತಿ ಹೊಸದು. ಮಧ್ಯಾಹ್ನವೆಲ್ಲ ಭವನದಿಂದ ಹಾಡು, ನಗು ಕೇಳಿಬರುತ್ತಿತ್ತು. ಸತ್ತಿಯಲ್ಲಿ ಇನ್ನೂ ನಾಲ್ಕು ಮನೆಯವರು ಲಗಮಣ್ಣನನ್ನು ನೋಡಿ ಕರಿ ಕುರಿಗೆ ಮರಳಿದರು.

ಆ ನೂಲಿನಿಂದ ಪುಣೆಯಲ್ಲಿ ನೆಲಹಾಸು, ಚೀಲ, ಶಾಲು ಆಗುತ್ತಿದ್ದವು. ಪ್ರತಿಯೊಂದರ ಜೊತೆ ಒಂದು ಕಾರ್ಡು, ಕಾರ್ಡಿನ ಮೇಲೆ ಲಗಮಣ್ಣನ ಫೋಟೋ. ನೀಲಮ ಒಂದನ್ನು ತಂದುಕೊಟ್ಟಾಗ ಅವನು ಬಹಳ ಹೊತ್ತು ನೋಡಿ, ತನ್ನ ಮುಖ ತನ್ನ ಅಪ್ಪನದರಂತೆ ಕಾಣುತ್ತಿದೆ ಎಂದ. ಮಲ್ಲೇಶನ ಮಕ್ಕಳಿಗೆ ತೋರಿಸಲೆಂದು ಕಾಗವಾಡಕ್ಕೂ ಒಯ್ದ. ಮಲ್ಲೇಶ ಕಾರ್ಡು ನೋಡಿ, ಚೆನ್ನಾಗಿದೆ ಎಂದಷ್ಟೇ ಹೇಳಿದನಂತೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಬಂಡವಾಳ ಹಾಕುವವರು ನೋಡಲು ಬಂದರು. ಎರಡು ಕಾರುಗಳು ಮಡ್ಡಿಯ ಮೇಲೆ ಹತ್ತಲಾರದೆ ಕೆಳಗೇ ನಿಂತವು. ಮುಂಬಯಿಯವರು, ಒಬ್ಬ ಹೆಂಗಸು ಹೊರದೇಶದವಳು. ಕಂಬಳಿಯ ಮೇಲೆ ಕುಳಿತು ರೊಟ್ಟಿ, ಕಾರಬ್ಯಾಳಿ, ಮೊಸರು ತಿಂದರು. ಹಿಂಡಿನ ನಡುವೆ ನಿಂತು ಚಿತ್ರ ತೆಗೆಸಿಕೊಂಡರು. ಕಂಪನಿಯ ಗಂಡ ಹೆಂಡತಿ ಅವರ ಹಿಂದೆ ಮುಂದೆ ಓಡಾಡುತ್ತಿದ್ದುದನ್ನು ನೋಡಿದರೆ ಮಗಳನ್ನು ತೋರಿಸುವ ಮನೆಯವರಂತೆ ಕಾಣುತ್ತಿದ್ದರಂತೆ. ಬಂದವರಲ್ಲಿ ಒಬ್ಬರು, ಐದು ವರ್ಷದಲ್ಲಿ ಈ ಭಾಗದ ಕರಿ ಕುರಿಗಳನ್ನು ಹತ್ತು ಪಟ್ಟು ಮಾಡಬಹುದೇ ಎಂದು ನೀಲಮಳ ಮೂಲಕ ಕೇಳಿಸಿದರು. ಮಡ್ಡಿಯ ಹುಲ್ಲು ಹತ್ತು ಪಟ್ಟು ಆಗುವುದಿಲ್ಲವಲ್ಲ ಎಂದ ಲಗಮಣ್ಣ. ನೀಲಮ ಅದನ್ನು ಹೇಗೆ ತಿಳಿಸಿದಳೋ, ಅವರು ತಲೆಯಾಡಿಸಿ ನಕ್ಕರು. ಹೋಗುವಾಗ ಎಲ್ಲರೂ ಅವನ ಕೈ ಕುಲುಕಿದರು.

ಅದಾದ ಮೇಲೆ ಒಂದೊಂದೇ ನಿಲ್ಲುತ್ತ ಬಂತು. ಮೊದಲು ಚಳಿಗಾಲದ ಉಣ್ಣೆ ಒಯ್ಯಲು ಬರಬೇಕಾದ ಗಾಡಿ ಬರಲಿಲ್ಲ. ಲಗಮಣ್ಣ ತಾನೇ ಟೆಂಪೊ ಮಾಡಿ ಗೋದಾಮಿಗೆ ಮುಟ್ಟಿಸಿದ. ಅಲ್ಲಿ ಹಿಂದಿನ ಸಲದ ಚೀಲಗಳೂ ಹಾಗೇ ಇದ್ದವು. ಆಮೇಲೆ ಬೇಸಿಗೆಯ ಮೇವು ಬರಲಿಲ್ಲ. ನೀಲಮಳ ಫೋನು ರಿಂಗಾಗುತ್ತಿತ್ತು, ಅವಳು ಎತ್ತುತ್ತಿರಲಿಲ್ಲ. ಮಡ್ಡಿ ಸುಟ್ಟ ಹಂಚಿನಂತಾಗಿತ್ತು. ಲಗಮಣ್ಣ ಬೇವಿನ ಸೊಪ್ಪು, ಜಾಲಿಯ ಕಾಯಿ, ಸಿಕ್ಕಿದ್ದನ್ನು ಉದುರಿಸಿ ಕುರಿಗಳನ್ನು ನಿಲ್ಲಿಸಿಕೊಂಡ.

ಒಂದು ದಿನ ಮಧ್ಯಾಹ್ನ ನೀಲಮ ತಾನಾಗಿಯೇ ಬಂದಳು. ಹಿಂದೆ ಒಂದು ಖಾಲಿ ಟೆಂಪೊ. ಅವಳ ಮುಖ ನೋಡಿದ ರುಕ್ಮವ್ವ ಮೊದಲು ನೀರು ಕೊಟ್ಟಳು.

“ಫೋನ್ ಎತ್ತಲಿಲ್ಲ, ತಪ್ಪಾತ್ರಿ ಕಾಕಾ. ಏನ್ ಹೇಳ್ಬೇಕಂತ ಗೊತ್ತಾಗಲಿಲ್ಲ,” ಎಂದಳು. “ಕಂಪನಿ ಮುಚ್ಚಾಕತ್ತಾರ.”

ಕಾರಣವನ್ನು ಅವಳು ತಡೆತಡೆದು ಹೇಳಿದಳು. ಮಡ್ಡಿಗೆ ಬಂದಿದ್ದ ಮುಂಬಯಿಯವರೇ ದೊಡ್ಡ ಬಂಡವಾಳ ಹಾಕಬೇಕಿತ್ತು. ಅದನ್ನೇ ನಂಬಿ ಪುಣೆಯವರು ಕೆಲಸ ಬೆಳೆಸಿದ್ದರು. ಮುಂಬಯಿಯವರು ದುಡ್ಡು ಹಾಕುವ ಮೊದಲು ಒಂದು ಲೆಕ್ಕ ಹಾಕಿಸುತ್ತಾರೆ. ಒಂದು ಸಾಮಾನು ಹುಟ್ಟುವುದರಿಂದ ಹಿಡಿದು ಅಂಗಡಿಗೆ ಹೋಗುವವರೆಗೆ ಗಾಳಿಗೆ ಎಷ್ಟು ಕೇಡಾಗುತ್ತದೆ ಎನ್ನುವ ಲೆಕ್ಕ. ಕುರಿ ಮೆಲುಕು ಹಾಕುವಾಗ ಹೊಟ್ಟೆಯಿಂದ ಒಂದು ಗ್ಯಾಸು ಹೊರಗೆ ಬರುತ್ತದೆ. ಅದರಿಂದ ಭೂಮಿ ಬಿಸಿಯಾಗುತ್ತದೆ. ಅವರ ಲೆಕ್ಕದಲ್ಲಿ ಕರಿ ಉಣ್ಣೆ ಕೆಳಗೆ ಬಂತು. ಬಿಸಾಡಿದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡುವ ಬಟ್ಟೆ ಮೇಲೆ ಬಂತು. ಬಂಡವಾಳ ಅಲ್ಲಿಗೆ ಹೋಯಿತು.

“ತೇಗಿದ್ದಕ್ಕ?” ಎಂದ ಲಗಮಣ್ಣ.

ನೀಲಮ ತಲೆ ತಗ್ಗಿಸಿಯೇ ಹೂಂ ಎಂದಳು.

“ಕುರಿ ತೇಗತಾವು ಅಂತ ಅವ್ರಿಗೆ ಮದ್ಲ ಗೊತ್ತಿರಲಿಲ್ಲೇನು?”

“ಗೊತ್ತಿತ್ರಿ. ಲೆಕ್ಕ ಮಾಡಿರಲಿಲ್ಲ.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತನಗೆ ಹಗುರಾಗುತ್ತಿತ್ತು ಎಂದು ನೀಲಮ ಆಮೇಲೆ ತನ್ನ ಗೆಳತಿಯರಿಗೆ ಹೇಳಿಕೊಂಡಳಂತೆ. ಅವನು ಅಂಗೈಯನ್ನು ಮಂಡಿಯ ಮೇಲೆ ಉಜ್ಜುತ್ತ ಅಂಗಳದ ಕಡೆ ನೋಡುತ್ತಿದ್ದ. ರುಕ್ಮವ್ವ ಆ ಖಾಲಿ ಟೆಂಪೊ ಯಾಕೆ ಎಂದು ಕೇಳಿದಳು. ನೂಲುವ ಯಂತ್ರಗಳು ಕಂಪನಿಯ ಸಾಲಕ್ಕೆ ಅಡವಿದ್ದವು, ಮರಳಿ ಒಯ್ಯಬೇಕಿತ್ತು.

ಭವನದಲ್ಲಿ ಹೆಂಗಸರು ಆಗಲೇ ಸೇರಿದ್ದರು. ಯಾರೂ ಜಗಳ ಮಾಡಲಿಲ್ಲ. ಅರ್ಧ ನೂತ ಎಳೆಯನ್ನು ರುಕ್ಮವ್ವ ಹರಿಯಲು ಬಿಡಲಿಲ್ಲ. ಯಂತ್ರಗಳಿಂದ ಎಲ್ಲ ನೂಲನ್ನೂ ಬಿಚ್ಚಿ ಉಂಡೆ ಸುತ್ತಿಟ್ಟು, ಆಮೇಲೆ ಯಂತ್ರ ಎತ್ತಲು ತಾನೂ ಕೈಹಚ್ಚಿದಳು. ಟೆಂಪೊದ ಡ್ರೈವರ್ ಒಬ್ಬನಿಗೆ ಆಗದ್ದಕ್ಕೆ ನೀಲಮಳೂ ಒಂದು ತುದಿ ಹಿಡಿದಳು. ಹೊರಡುವಾಗ ರುಕ್ಮವ್ವನ ಕಾಲಿಗೆ ಬೀಳಲು ಹೋದರೆ ರುಕ್ಮವ್ವ ಹಿಂದೆ ಸರಿದಳು.

“ನನಗ ಬೀಳಬ್ಯಾಡವ್ವ. ನೀ ಏನ್ ಮಾಡ್ತಿ, ನೀನೂ ಕೆಲಸಕ್ಕ ಇದ್ದಾಕಿ,” ಎಂದಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ನೀಲಮಳಿಗೆ ತಿಳಿಯಲಿಲ್ಲ.

ನೀಲಮ ಕೈಕಟ್ಟಿ ಕೂರಲಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಚೀಲ ಉಣ್ಣೆ ಹೊತ್ತುಕೊಂಡು ಇಚಲಕರಂಜಿಯ ಗಿರಣಿಗಳ ಬಾಗಿಲು ತಟ್ಟಿದಳು. ಒರಟು, ಯಂತ್ರಕ್ಕೆ ಬರುವುದಿಲ್ಲ ಎಂದರು. ಅವಳ ಅಪ್ಪನ ಲೂಮಿಗಂತೂ ಅದು ಆಗದ ಮಾತು. ಕಾಗವಾಡದ ಗೋದಾಮಿನ ಮಾಲೀಕ ಮೇ ತಿಂಗಳವರೆಗೆ ನೋಡಿ, ಬಾಡಿಗೆ ಬರದ ಜಾಗಕ್ಕೆ ಒಣದ್ರಾಕ್ಷಿಯ ಪೆಟ್ಟಿಗೆ ತುಂಬಲು ಚೀಲಗಳನ್ನೆಲ್ಲ ಹೊರಗೆ ಹಾಕಿಸಿದ. ಮೊದಲ ಮಳೆಗೆ ಉಣ್ಣೆ ನೆನೆಯಿತು, ಎರಡನೆಯದಕ್ಕೆ ನಾರಿತು. ಲಗಮಣ್ಣ ಹೋಗಿ ನೋಡಿದ. ಒಂದು ಚೀಲ ಬಿಚ್ಚಿ ಕೈಹಾಕಿದಾಗ ಉಣ್ಣೆ ಬಿಸಿಯಾಗಿತ್ತು, ಬೆರಳಿಗೆ ಹುಳ ಹತ್ತಿದವು. ಚೀಲದ ಬಾಯಿ ಮತ್ತೆ ಕಟ್ಟಿ ಬಂದ.

ಉಳಿದ ನಾಲ್ಕು ಮನೆಯವರು ಸಿಕ್ಕ ಬೆಲೆಗೆ ಕುರಿ ಮಾರಿದರು. ಮೈ ಸಣ್ಣ, ಮಾಂಸ ಕಡಿಮೆ, ವ್ಯಾಪಾರಿಗಳು ಮೂಸಿಯೂ ನೋಡುತ್ತಿರಲಿಲ್ಲ. ಅವರ ಹೆಂಗಸರು ಕೆಲವು ದಿನ ರುಕ್ಮವ್ವನ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು. ಲಗಮಣ್ಣ ಮಾತ್ರ ಮಾರಲಿಲ್ಲ. ದೀಪಾವಳಿ ಬರಲಿ, ಹಳೆಯ ದಾರಿಗೆ ಬೀಳೋಣ, ಅಜ್ಜ ಅಪ್ಪ ಮಾಡಿದ ಹಾಗೆ ಮಾಡೋಣ ಎಂದ. ತಟ್ಟನ್ನು ಹಿಂದೆಯೇ ಮಾರಿಯಾಗಿತ್ತು. ಸಾಮಾನು ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ಗಂಡ ಹೆಂಡತಿ ಹಿಂಡಿನೊಡನೆ ಹೊರಟರು.

ಮಾಂಜರಿಯ ಸೇತುವೆ ದಾಟಿ ಅಂಕಲಿ ಸೇರಿದಾಗ ಅಪ್ಪಾಸಾಬನ ಹೊಲದಲ್ಲಿ ಬೇರೊಂದು ಹಿಂಡು ಕೂಡಿತ್ತು. ಎತ್ತರದ ಮಾಡಗ್ಯಾಳ ಕುರಿಗಳು. ಕಾಯುವವನು ಜತ್ತ ಕಡೆಯವ. ಅಪ್ಪಾಸಾಬ ಹೊರಗೆ ಬಂದವನು ಲಗಮಣ್ಣನನ್ನೂ ಅವನ ಹಿಂದಿನ ಕರಿ ಹಿಂಡನ್ನೂ ನೋಡಿ ಒಳಗೆ ಕರೆದು ಚಹಾ ಕೊಟ್ಟ.

“ನೀ ಬರೂದಿಲ್ಲಂತ ಹೇಳಿ ಹೋದಿ, ಲಗಮಣ್ಣ. ಅವ್ರಿಗೆ ಮಾತ ಕೊಟ್ಟೇನಿ. ಈಗ ಹ್ಯಾಂಗ ಎಬ್ಬಸಲಿ?”

“ಎಬ್ಬಸಬ್ಯಾಡ್ರಿ,” ಎಂದ ಲಗಮಣ್ಣ. “ಕೇಳಿ ನೋಡಿದೆ ಅಷ್ಟ.”

ಒಂದು ರಾತ್ರಿ ಬಾವಿಯ ಹತ್ತಿರ ತಂಗಲು ಅಪ್ಪಾಸಾಬ ಜಾಗ ಕೊಟ್ಟ, ಮರುದಿನ ಜೋಳದ ಹಿಟ್ಟು ಕಟ್ಟಿಕೊಟ್ಟ. ಚಿಕ್ಕೋಡಿಯ ಸುತ್ತಲೂ ಅದೇ ಮಾತು. ಬಿಟ್ಟುಹೋದ ಎರಡು ಹಂಗಾಮುಗಳಲ್ಲಿ ಅವನ ಎಲ್ಲ ಹೊಲಗಳಿಗೂ ಬೇರೆ ಹಿಂಡುಗಳು ಬಂದಿದ್ದವು. ಕೆಲವರು ಚೀಲದ ಗೊಬ್ಬರಕ್ಕೆ ತಿರುಗಿದ್ದರು. ಹೀಗೆ ಹೊಲ ಕೇಳುತ್ತ ಕೇಳುತ್ತ ನಿಪ್ಪಾಣಿಯ ಹತ್ತಿರ ಬಂದರು. ಅಲ್ಲಿ ಪರಿಚಯವಿಲ್ಲದ ಒಬ್ಬ ರೈತ ಹಿಂಡು ಕೂಡಿಸಲು ಒಪ್ಪಿದ. ಲಗಮಣ್ಣನಿಗೆ ಜೀವ ಬಂದಂತಾಯಿತು. ಆ ಹೊಲದ ಮಗ್ಗುಲಲ್ಲಿ ಬದುವಿನ ಉದ್ದಕ್ಕೂ ಹಸಿರು ಹುಲ್ಲು ಸೊಂಪಾಗಿತ್ತು. ಬಳಲಿದ ಕುರಿಗಳು ಅದರ ಮೇಲೆ ಬಿದ್ದವು.

ಹಿಂದಿನ ದಿನ ಆ ಬದುವಿಗೆ ಕಳೆ ಸಾಯಿಸುವ ಔಷಧ ಹೊಡೆದಿದ್ದರು. ಹುಲ್ಲು ಇನ್ನೂ ಬಾಡಿರಲಿಲ್ಲ. ಹೊಡೆದವನು ಪಕ್ಕದ ಹೊಲದವ, ಈ ರೈತನಿಗೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕುರಿಗಳ ಬಾಯಲ್ಲಿ ನೊರೆ ಬಂತು. ಲಗಮಣ್ಣ ಹುಣಸೆಹುಳಿ ಕಿವುಚಿ ಕುಡಿಸಿದ, ರುಕ್ಮವ್ವ ಊರೊಳಗೆ ಓಡಿ ದನದ ಡಾಕ್ಟರರನ್ನು ಕರೆತಂದಳು. ಅವರು ಕೈಲಾದದ್ದು ಮಾಡಿದರು. ಬೆಳಗಾಗುವುದರೊಳಗೆ ಹಿಂಡಿನ ಮೂರರಲ್ಲಿ ಒಂದು ಪಾಲು ಸತ್ತಿತ್ತು. ಬಹುಪಾಲು ಗಬ್ಬದ ಕುರಿಗಳು. ಆ ರೈತ ಜೆಸಿಬಿ ತರಿಸಿ ಗುಂಡಿ ತೋಡಿಸಿಕೊಟ್ಟ. ತಪ್ಪು ತನ್ನದಲ್ಲದಿದ್ದರೂ ಅತ್ತನಂತೆ. ಕಿವಿಯ ಬಿಲ್ಲೆಗಳನ್ನು ತೆಗೆಯಬೇಕೇ ಎಂದು ಜೆಸಿಬಿಯವನು ಕೇಳಿದ. ಬೇಡ ಎಂದ ಲಗಮಣ್ಣ.

ರುಕ್ಮವ್ವ ಮಲ್ಲೇಶನಿಗೆ ಫೋನು ಮಾಡಿದಳು. ಅವನು ಯಾರದೋ ಪಿಕಪ್ ಕೇಳಿಕೊಂಡು ಅಂದೇ ಬಂದ. ‘ನಾ ಹೇಳಿರಲಿಲ್ಲೇನು’ ಎಂದು ಮಗ ಅನ್ನಬಹುದೆಂದು ಲಗಮಣ್ಣ ಕಾಯುತ್ತಿದ್ದ. ಮಲ್ಲೇಶ ಅದನ್ನು ಅಂದೂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಉಳಿದ ಕುರಿಗಳನ್ನು ಸುತ್ತು ಹಾಕಿ ನೋಡಿ, ಇವನ್ನು ನಡೆಸಿಕೊಂಡು ಸತ್ತಿಗೆ ಹೋಗಲಾಗದು, ಇಲ್ಲೇ ಮಾರೋಣ ಎಂದ. ಲಗಮಣ್ಣ ಒಪ್ಪಿದ.

ಮಿರಜದ ವ್ಯಾಪಾರಿಯೊಬ್ಬ ಬಂದ. ಉಣ್ಣೆ ತೆಗೆದುಕೊಟ್ಟರೆ ಒಯ್ಯುತ್ತೇನೆ, ಇಲ್ಲದಿದ್ದರೆ ಬೇಡ ಎಂದ. ಬೇಸಿಗೆಯಿಂದ ಕತ್ತರಿ ಕಾಣದ ಉಣ್ಣೆ ಗಂಟುಗಂಟಾಗಿ ಬೆಳೆದಿತ್ತು. ಅಪ್ಪ ಮಗ ಇಬ್ಬರೂ ಕತ್ತರಿ ಹಿಡಿದು ಕುಳಿತರು. ಒಬ್ಬ ಕುರಿಯ ಕಾಲು ಕಟ್ಟಿ ಮಲಗಿಸಿದರೆ ಒಬ್ಬ ಕತ್ತರಿಸುವುದು, ಮತ್ತೆ ಕೈ ಬದಲಿಸುವುದು. ಮಲ್ಲೇಶನಿಗೆ ಕೈ ತಪ್ಪಿರಲಿಲ್ಲ. ಒಂದು ಕುರಿಗೂ ಗಾಯವಾಗದಂತೆ ಕತ್ತರಿಸಿದ. ಬಹಳ ವರ್ಷಗಳ ಮೇಲೆ ತಂದೆ ಮಕ್ಕಳು ಹಾಗೆ ಎದುರುಬದುರು ಕುಳಿತದ್ದು. ಆ ಒಂದು ದಿನ ಮನಸ್ಸಿಗೆ ತಂಪಾಗಿತ್ತು ಎನ್ನುತ್ತಾಳೆ ರುಕ್ಮವ್ವ. ಸಂಜೆಗೆ ಬೋಳಾದ ಕುರಿಗಳನ್ನು ಲಾರಿಗೆ ಹತ್ತಿಸಿದರು. ಉಣ್ಣೆಯ ರಾಶಿ ಅಲ್ಲೇ ಉಳಿಯಿತು. ಒಂದಿಷ್ಟನ್ನಾದರೂ ಮನೆಗೆ ಒಯ್ಯೋಣವೇ ಎಂದು ಮಲ್ಲೇಶ ಅವ್ವನನ್ನು ಕೇಳಿದ. ಅವಳು ಬೇಡವೆಂದಳು.

ಈಗ ಮಲ್ಲೇಶ ಸತ್ತಿಯಲ್ಲಿ ತಗಡಿನ ಶೆಡ್ಡು ಹಾಕಿದ್ದಾನೆ. ಅದರೊಳಗೆ ಮಾಡಗ್ಯಾಳ ಕುರಿಗಳು ಕಟ್ಟಿದಲ್ಲೇ ಮೇವು ತಿಂದು ಬಲಿಯುತ್ತವೆ. ಬಕ್ರೀದಿಗೆ, ದಸರೆಗೆ ಮಾರಾಟವಾಗುತ್ತವೆ. ಲಗಮಣ್ಣನ ಕೆಲಸ ಅವಕ್ಕೆ ಮೇವು ಕತ್ತರಿಸಿ ಹಾಕುವುದು, ಹಿಕ್ಕೆ ಗುಡಿಸುವುದು. ನಡೆಯದೆ ಅವನ ಮಂಡಿ ಹಿಡಿದುಕೊಂಡಿವೆ. ಊರಿನ ಹಿರಿಯರ ಜೊತೆ ಕಟ್ಟೆಗೆ ಕೂರಲು ಬರುವುದಿಲ್ಲ. ರುಕ್ಮವ್ವ ಕಬ್ಬಿನ ಕಳೆ ತೆಗೆಯಲು ಹೋಗುತ್ತಾಳೆ. ಎಲೆಯ ಗರಗಸದಂಥ ಅಂಚಿಗೆ ಬೆರಳ ತುದಿ ಸೀಳಿ, ಇನ್ನು ಎಳೆ ಹಿಡಿದರೂ ಅದು ನಿಲ್ಲುವುದಿಲ್ಲ ಎನ್ನುತ್ತಾಳೆ. ಭವನದಲ್ಲಿ ಈಗ ಪಂಚಾಯಿತಿಯ ಸಿಮೆಂಟು ಚೀಲಗಳಿವೆ.

ಕಳೆದ ಶ್ರಾವಣದಲ್ಲಿ ನೀಲಮಳ ಫೋನು ಬಂತು. ಅವಳಿಗೆ ರಾಯಬಾಗಕ್ಕೆ ಮದುವೆಯಾಗಿದೆ, ಯಾವುದೋ ಬ್ಯಾಂಕಿನಲ್ಲಿ ಕೆಲಸ. ಹಳೆಯ ಕಾರ್ಡೊಂದನ್ನು ನೋಡಿ ಬೆಂಗಳೂರಿನವರೊಬ್ಬರು ಅವಳನ್ನು ಹುಡುಕಿಕೊಂಡು ಬಂದಿದ್ದರು. ಹೊಸ ಲೆಕ್ಕ ಬಂದಿದೆಯಂತೆ. ಮಣ್ಣಿಗೆ ಬೀಳುವ ಗೊಬ್ಬರವನ್ನೂ ಸೇರಿಸಿ ನೋಡಿದರೆ ಮಡ್ಡಿಯ ಕುರಿ ಭೂಮಿಗೆ ಒಳ್ಳೆಯದೆಂದೇ ಬರುತ್ತದೆಯಂತೆ. ಅವರಿಗೆ ಕರಿ ಉಣ್ಣೆ ಬೇಕಿತ್ತು. ಸುಮ್ಮನೆ ತಿಳಿಸುತ್ತಿದ್ದೇನೆ ಕಾಕಾ, ನಾನು ಏನೂ ಮಾಡಿ ಎನ್ನುವುದಿಲ್ಲ ಎಂದಳು. ಜತ್ತ ಕಡೆ ಹುಡುಕಿದರೆ ಕರಿ ಕುರಿ ಇನ್ನೂ ಅಷ್ಟಿಷ್ಟು ಸಿಗುವಂತಿದ್ದವು. ಮಗ್ಗುಲಲ್ಲಿ ನಿಂತು ಕೇಳುತ್ತಿದ್ದ ಮಲ್ಲೇಶ ಕೂಡ, ಬೇಕಾದರೆ ಶೆಡ್ಡಿನ ಒಂದು ಬದಿ ಬಿಟ್ಟುಕೊಡುತ್ತೇನೆ ಎಂದ. ರುಕ್ಮವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

ಲಗಮಣ್ಣ ಫೋನನ್ನು ಕಿವಿಗೆ ಹಿಡಿದೇ ಅವಳ ಕಡೆ ನೋಡಿದ, ಆಮೇಲೆ ಶೆಡ್ಡಿನ ಕಡೆ.

“ನನ್ನ ಹತ್ರ ಕರಿ ಕುರಿ ಇಲ್ಲವ್ವ,” ಎಂದ. “ಸತ್ತಿಯಾಗ ಯಾರ ಹತ್ರಾನೂ ಇಲ್ಲ ಅಂತ ಹೇಳಿಬಿಡು.”

ಫೋನನ್ನು ಮಗನ ಕೈಗೆ ಕೊಟ್ಟು, ಕತ್ತರಿಸಿಟ್ಟ ಮೇವಿನ ಬುಟ್ಟಿ ಎತ್ತಿಕೊಂಡು ಶೆಡ್ಡಿನೊಳಗೆ ಹೋದ.